ಕಾಫಿ ಕೊಯ್ಲು ಮುಗಿಸಿ ಕ್ಲೌನ್ ಮೀನು ನೋಡಲು ಹೊರಡುವವರಿಗೆ

ಕೊಡಗಿನ ತೋಟದವರು ಅಂಡಮಾನಿಗೆ ಹೊರಡುವುದಾದರೆ ವಿಮಾನದ ದರಕ್ಕಿಂತ ಮೊದಲು ಕೊಯ್ಲಿನ ಲೆಕ್ಕ ನೋಡಬೇಕು. ಅಲ್ಲಿ ಕಡಲು ಶಾಂತವಾಗಿರುವ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲೇ ನಮ್ಮಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಯ ನಿರೀಕ್ಷೆ. ಕಣದ ಕೆಲಸ ಮುಗಿದು, ಹೂವಿಗೆ ಸ್ಪ್ರಿಂಕ್ಲರ್ ನೀರೂ ಆದ ಮೇಲೆ ಹೊರಟದ್ದು ನಮಗೆ ಅನುಕೂಲವಾಯಿತು. ಮೇ ತಿಂಗಳಲ್ಲಿ ಅಲ್ಲಿ ಮುಂಗಾರು ಹಿಡಿಯುವುದರಿಂದ ಬೇಸಿಗೆ ರಜೆಯ ಕೊನೆಯ ವಾರಗಳನ್ನು ನಂಬುವುದು ಬೇಡ.

ಮಡಿಕೇರಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ವಿಮಾನದಲ್ಲಿ ಪೋರ್ಟ್‌ಬ್ಲೇರ್ (2024ರಿಂದ ಶ್ರೀ ವಿಜಯಪುರಂ) ತಲುಪಿ, ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ, ಹೋಗಬೇಕು. ಹಡಗಿನ ಟಿಕೆಟನ್ನು ಮುಂಚಿತವಾಗಿ ಮಾಡಿಸಿ. ಅಲ್ಲಿ ಸಂಜೆ ಬೇಗ ಕತ್ತಲಾಗುವುದರಿಂದ ಡೈವಿಂಗ್‌ಗೆ ಬೆಳಗಿನ ಹೊತ್ತನ್ನೇ ಕೇಳಿ ಪಡೆಯಿರಿ.

ಕ್ಲೌನ್ ಮೀನು ನೋಡಲು ಆಳಕ್ಕೆ ಇಳಿಯಬೇಕಾಗಿಲ್ಲ. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಯಿರುವ ಆಂಫಿಪ್ರಿಯಾನ್ ಒಸೆಲ್ಲಾರಿಸ್ ಹದಿನೈದು ಮೀಟರಿನೊಳಗಿನ ನೀರಿನಲ್ಲೇ ಸಿಗುತ್ತದೆ. ತರಬೇತಿಯಿಲ್ಲದವರನ್ನು ಮಾರ್ಗದರ್ಶಕರು ಕರೆದೊಯ್ಯುವ ಮಿತಿಯೂ ಹನ್ನೆರಡು ಮೀಟರ್. ಹೆಚ್ಚಿನವರು ಫೋಟೊ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹಣ ಪೋಲಾಗುವುದು ಅಲ್ಲೇ. ಒಂದೇ ಅನಿಮೋನಿಯ (ಈ ಮೀನುಗಳು ಮನೆ ಮಾಡಿಕೊಳ್ಳುವ, ಕುಟುಕುವ ಎಳೆಗಳಿರುವ ಕಡಲ ಜೀವಿ) ಮುಂದೆ, ಕೈಗೆ ಎಟುಕದಷ್ಟು ದೂರದಲ್ಲಿ ನಿಲ್ಲಿಸುವಂತೆ ಮಾರ್ಗದರ್ಶಕರಿಗೆ ಮೊದಲೇ ಹೇಳಿಡಿ. ಸ್ವಲ್ಪ ಹೊತ್ತಿನಲ್ಲಿ ಮನೆಯ ಯಜಮಾನಿಕೆ ಯಾರದ್ದೆಂದು ತಿಳಿಯುತ್ತದೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು, ಉಳಿದ ಸಣ್ಣವು ಸಂತಾನೋತ್ಪತ್ತಿಯಲ್ಲಿ ಭಾಗವಹಿಸದವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗಿ, ಉಳಿದವುಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಏರುತ್ತದೆ. ಅನಿಮೋನಿಯ ಬುಡದ ಕಲ್ಲಿಗೆ ಅಂಟಿದ ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸುತ್ತ ಕಾಯುವುದು ಹೆಚ್ಚಾಗಿ ಗಂಡು ಮೀನು. ಬೇರೆ ಮೀನುಗಳನ್ನು ಕುಟುಕುವ ಆ ಎಳೆಗಳು ಇವುಗಳಿಗೆ ತೊಂದರೆ ಕೊಡದಿರಲು ಮೈಮೇಲಿನ ಲೋಳೆಯೇ ಮುಖ್ಯ ಕಾರಣ. ನಮಗೆ ಆ ರಕ್ಷಣೆಯಿಲ್ಲ, ಮುಟ್ಟಬೇಡಿ. ಕೈ ಚಾಚಿದರೆ ಬೆರಳುದ್ದದ ಆ ಮೀನು ಕಚ್ಚಲು ಬರುವುದೂ ಉಂಟು!

ಬಿಳಿಚಿದ ಅನಿಮೋನಿ ಕಂಡರೆ ಅದನ್ನು ಚೆಲುವೆಂದುಕೊಳ್ಳಬಾರದು. ನೀರು ಮಿತಿಮೀರಿ ಬಿಸಿಯಾದಾಗ ಒಳಗಿನ ಪಾಚಿಯನ್ನು ಕಳೆದುಕೊಂಡು ಅದು ಹಾಗಾಗುತ್ತದೆ. 2010ರ ಬೇಸಿಗೆಯಲ್ಲಿ ಅಂಡಮಾನಿನ ಹವಳಗಳು ವ್ಯಾಪಕವಾಗಿ ಬಿಳಿಚಿದ್ದವು.

ನೆಗಡಿ, ಕಟ್ಟಿದ ಮೂಗು ಇದ್ದರೆ ಕಿವಿಯ ಒತ್ತಡ ಸರಿಪಡಿಸಿಕೊಳ್ಳಲಾಗದು, ಆದ್ದರಿಂದ ನೀರಿಗಿಳಿಯಬೇಡಿ. ಉಬ್ಬಸ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಡೈವಿಂಗ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ ಹದಿನೆಂಟು ಗಂಟೆಗಳ ಅಂತರವಿರಲಿ. ಅಂಡಮಾನಿನ ಬದಲು ಮುರುಡೇಶ್ವರದ ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಕಾರಿನಲ್ಲಿ ಮರಳುವವರು ಇದನ್ನು ಮರೆಯುತ್ತಾರೆ: ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅದೇ ದಿನ ಘಾಟಿ ಹತ್ತಿದರೂ ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟುವ ಅಪಾಯ ಇದ್ದೇ ಇದೆ. ಆ ರಾತ್ರಿ ಕರಾವಳಿಯಲ್ಲೇ ತಂಗಿ, ಮರುದಿನ ಹೊರಡಿ.