"ಕಣ್ಣೇ ಕಾಣಲ್ಲ, ಟ್ಯಾಬ್ ತಗೊಂಡು ಏನ್ಮಾಡ್ತಾರೆ?"

ಮದುವೆ ಮನೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ಕಣ್ಣು ಕಾಣದ ಮಕ್ಕಳಿಗೆ ಟ್ಯಾಬ್ ಕಲಿಸುತ್ತೇನೆ ಅಂದ ತಕ್ಷಣ ಈ ಪ್ರಶ್ನೆ ಬರುತ್ತದೆ. ಮೊದಲಿಗೆ ಒಂದು "ಅಯ್ಯೋ ಪಾಪ" ಬೇರೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಓದುತ್ತಾರೆ. ಬರೆಯುತ್ತಾರೆ. ಅಮ್ಮನಿಗೆ ವಾಟ್ಸಾಪ್ ಮಾಡುತ್ತಾರೆ. ಕ್ರಿಕೆಟ್ ಸ್ಕೋರ್ ನೋಡುತ್ತಾರೆ. ಹೌದು, "ನೋಡಿದೆ ಮಿಸ್" ಅಂತಲೇ ಹೇಳುತ್ತಾರೆ.

ಅದಕ್ಕೆ ಬೇರೆ ಟ್ಯಾಬ್ ಏನೂ ಬೇಡ. ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಅಂತ ಹುಡುಕಿ. 2010ರಲ್ಲಿ ಬಂದ ಮೊದಲ ಐಪ್ಯಾಡ್‌ನಲ್ಲೂ ವಾಯ್ಸ್‌ಓವರ್ ಇತ್ತು. ಎರಡರ ಕೆಲಸವೂ ಒಂದೇ: ಬೆರಳ ಕೆಳಗೆ ಏನಿದೆಯೋ ಅದನ್ನು ಓದಿ ಹೇಳುವುದು. ಒಂದು ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಹೊಸ ಮಕ್ಕಳಿಗೆ ಜಾಸ್ತಿ ಕಷ್ಟವಾಗುವುದು ಈ ತಟ್ಟುವುದೇ. ಬಾಗಿಲು ಬಡಿದ ಹಾಗೆ ಟಕ್, ಆಮೇಲೆ ಇನ್ನೊಂದು ಟಕ್. ಅಷ್ಟು ನಿಧಾನ ಮಾಡಿದರೆ ಟ್ಯಾಬಿಗೆ ತಿಳಿಯುವುದಿಲ್ಲ. ಆಗ ನನ್ನ ಅಂಗೈ ಚಾಚುತ್ತೇನೆ. ಅದರ ಮೇಲೆ ಟಕಟಕ, ಟಕಟಕ. ಹದ ಸಿಕ್ಕ ಮೇಲೆ ಟ್ಯಾಬ್ ಕೈಗೆ ಕೊಡುತ್ತೇನೆ.

ಸ್ವಲ್ಪ ಕಾಣುವ ಮಕ್ಕಳು ಟಾಕ್‌ಬ್ಯಾಕ್ ಬೇಡ ಅಂತ ಹಟ ಮಾಡಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಓದುತ್ತಾರೆ. ಅಕ್ಷರ ದೊಡ್ಡದು ಮಾಡಿ, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಹಾಕಿ, ಕಿಟಕಿಯ ಬೆಳಕು ಗಾಜಿಗೆ ಹೊಡೆಯದ ಹಾಗೆ ಕೂರಿಸಿದರೆ ಎಷ್ಟೋ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ.

ಒಮ್ಮೆ ನಮ್ಮ ಕ್ಲಾಸಿಗೆ ಒಬ್ಬ ಅತಿಥಿ ಬಂದಿದ್ದರು. ಎಂಟನೇ ಕ್ಲಾಸಿನ ಹುಡುಗಿ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸಮಾಜ ಪಾಠ ಕೇಳುತ್ತಿದ್ದಳು. ಟಾಕ್‌ಬ್ಯಾಕ್‌ನಲ್ಲಿ ಪರದೆಯನ್ನು ಪೂರ್ತಿ ಕಪ್ಪು ಮಾಡಿಕೊಳ್ಳಬಹುದು. ತಾನು ಓದುವುದನ್ನು ಪಕ್ಕದವರು ಇಣುಕಬಾರದು ಅಂತ ಅವಳು ಯಾವಾಗಲೂ ಹಾಗೇ ಇಟ್ಟಿರುತ್ತಾಳೆ. ಅತಿಥಿಗಳು ಕಪ್ಪು ಗಾಜು ನೋಡಿ, ನನ್ನ ಕಡೆ ತಿರುಗಿ, "ಪಾಪ, ಆನ್ ಮಾಡೋದು ಮರೆತಿದ್ದಾಳೆ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಹಾಕಿ ಪವರ್ ಬಟನ್ ಒತ್ತೇಬಿಟ್ಟರು. ಪಾಠ ನಿಂತಿತು.

"ಸರ್, ಆನ್ ಇತ್ತು. ನೀವು ಆಫ್ ಮಾಡಿದ್ರಿ," ಅಂದಳು. ಕ್ಲಾಸೆಲ್ಲ ನಕ್ಕಿತು, ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಅವಳನ್ನೇ ಒಂದು ಮಾತು ಕೇಳಬಹುದಿತ್ತು, ಅಲ್ವಾ? ಎದುರಿಗೇ ಕೂತಿದ್ದಳು.

ಅವತ್ತು ಅವರು ಕೇಳಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸುವ ಪ್ರಶ್ನೆ ಒಂದಿದೆ: ಇವರಿಗೆ ಓದೋಕೆ ಕನ್ನಡದಲ್ಲಿ ಏನು ಸಿಗುತ್ತೆ? ಟ್ಯಾಬ್ ಕಲಿಸೋಕೆ ಕೆಲವು ವಾರ ಸಾಕು. ಆಮೇಲೆ ಮಕ್ಕಳು ಹಸಿದು ಬಂದ ಹಾಗೆ "ಇನ್ನೇನಿದೆ ಮಿಸ್?" ಅಂತಾರೆ. ನನ್ನ ಹತ್ತಿರ ಇರುವ ಪಿಡಿಎಫ್‌ಗಳಲ್ಲಿ ಅರ್ಧ ಬರೀ ಪುಟದ ಫೋಟೋ, ಟಾಕ್‌ಬ್ಯಾಕ್‌ಗೆ ಓದೋಕೆ ಅದರಲ್ಲಿ ಅಕ್ಷರವೇ ಇಲ್ಲ. ಇನ್ನು ಕೆಲವು ಯೂನಿಕೋಡ್ (ಕನ್ನಡ ಅಕ್ಷರವನ್ನು ಒಳಗೂ ಕನ್ನಡವಾಗಿಯೇ ಇಡುವ ಪದ್ಧತಿ) ಅಲ್ಲದ, ಅಚ್ಚಿನ ಕೆಲಸದ ಹಳೆಯ ಡಿಟಿಪಿ ಫಾಂಟಿನವು. ನಮ್ಮ ಕಣ್ಣಿಗೆ ಅಚ್ಚ ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. "ಕನ್ನಡ" ಅನ್ನುವ ಪದವನ್ನೇ ಟ್ಯಾಬ್ ಪಿ, ಎ, ಪೌಂಡ್ ಅಂತ ಓದುತ್ತದೆ. ಮೊದಲ ಸಲ ಅದನ್ನು ಕೇಳಿದ ಹುಡುಗ ತಾನೇ ಏನೋ ತಪ್ಪು ಒತ್ತಿದೆ ಅಂದುಕೊಂಡು ಅರ್ಧ ಗಂಟೆ ಸುಮ್ನೆ ಒದ್ದಾಡಿದ್ದ. ನನ್ನನ್ನು ಕರೆಯಲೂ ಇಲ್ಲ.

ಕಾನೂನಿನ ಅಡ್ಡಿಯೂ ಇಲ್ಲ. ಪುಸ್ತಕವನ್ನು ಇವರು ಓದುವ ರೂಪಕ್ಕೆ ತಂದುಕೊಡಲು 2012ರ ಕಾಪಿರೈಟ್ ತಿದ್ದುಪಡಿಯೇ ದಾರಿ ಮಾಡಿಕೊಟ್ಟಿದೆ. ಇದೇ ವಿಷಯದ ಅಂತರರಾಷ್ಟ್ರೀಯ ಒಪ್ಪಂದವಾದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಕಾಣೆಯಾಗಿರೋದು ಕೂತು ಟೈಪ್ ಮಾಡುವ ಕೈಗಳು.

ಆ ಹುಡುಗಿಗೆ ಒಂದು ಕಥಾಸಂಕಲನ ಬೇಕಂತೆ. ರಾತ್ರಿ ಊಟ ಆದ ಮೇಲೆ ದಿನಕ್ಕೆ ನಾಲ್ಕು ಪುಟ ಟೈಪ್ ಮಾಡುತ್ತಿದ್ದೇನೆ. ಇನ್ನೂ ತೊಂಬತ್ತು ಪುಟ ಇದೆ. ನಿಮಗೆ ಕನ್ನಡ ಯೂನಿಕೋಡ್‌ನಲ್ಲಿ ಟೈಪ್ ಬರುತ್ತಾ? ಬಂದರೆ ಹೇಳಿ, ಹತ್ತು ಪುಟ ಕಳಿಸುತ್ತೇನೆ.