ಬೆರೆತ ಪಾಲಿಮರ್ ಹರಳುಗಟ್ಟಲು ತಡಮಾಡುವುದೇಕೆ?

ಉದ್ದನೆಯ ಅಣುಸರಪಳಿಗಳಿಂದಾದ ಪಾಲಿಮರ್‌ಗಳಲ್ಲಿ ಕೆಲವು, ತಮ್ಮ ಸರಪಳಿಗಳನ್ನು ಕ್ರಮವಾಗಿ ಜೋಡಿಸಿಕೊಂಡು ಹರಳುಗಟ್ಟುತ್ತವೆ. ಅಂಥ ಪಾಲಿಮರಿಗೆ ಹರಳುಗಟ್ಟದ ಇನ್ನೊಂದನ್ನು ಅರ್ಧಕ್ಕರ್ಧ ಬೆರೆಸಿದರೆ ಹರಳಿನ ಪ್ರಮಾಣವೂ ಅರ್ಧಕ್ಕಿಳಿಯಬೇಕಲ್ಲವೇ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಎರಡೂ ಒಂದಾಗದೆ ಬೇರೆ ಬೇರೆ ಹನಿಗಳಾಗಿ ಉಳಿದಿದ್ದರೆ ಈ ಲೆಕ್ಕ ಹೆಚ್ಚುಕಡಿಮೆ ಸರಿಯೇ. ಅಣುಮಟ್ಟದಲ್ಲಿ ಬೆರೆತಾಗ ಮಾತ್ರ ಅದು ತಪ್ಪುತ್ತದೆ.

ಹರಳುಗಟ್ಟುವ ಫ್ಲೋರಿನ್ ಪ್ಲಾಸ್ಟಿಕ್ ಪಿವಿಡಿಎಫ್ ಮತ್ತು ಹರಳುಗಟ್ಟದ ಅಕ್ರಿಲಿಕ್ ಜಾತಿಯ ಪಿಎಂಎಂಎಗಳನ್ನೇ ತೆಗೆದುಕೊಳ್ಳೋಣ. ಪಿವಿಡಿಎಫ್ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸುಮಾರು ಮೈನಸ್ 40ರಲ್ಲಿ ಅದರ ಸರಪಳಿಗಳ ಓಡಾಟ ನಿಂತು ಗಾಜಿನಂತಾಗುತ್ತದೆ. ಹರಳು ಬೆಳೆಯಬಲ್ಲದು ಈ ಎರಡು ಅಂಚುಗಳ ನಡುವೆ ಮಾತ್ರ. ಸುಮಾರು 105 ಡಿಗ್ರಿಯಲ್ಲೇ ಗಾಜಾಗುವ ಪಿಎಂಎಂಎ ಸೇರಿದಾಗ ಮೇಲಿನ ಅಂಚು ತುಸುವೇ ಇಳಿಯುತ್ತದೆ, ಆದರೆ ಕೆಳಗಿನದು ಹತ್ತಾರು ಡಿಗ್ರಿ ಏರುತ್ತದೆ. ಮಿಶ್ರಣ ಗಾಜಾಗುವ ತಾಪವನ್ನು ಅಂದಾಜಿಸುವ ಫಾಕ್ಸ್ ಸಮೀಕರಣವನ್ನು ಅರ್ಧಕ್ಕರ್ಧ ಮಿಶ್ರಣಕ್ಕೆ ಹಾಕಿದರೆ ಈ ಕೆಳಗಿನ ಅಂಚು ಸುಮಾರು 15 ಡಿಗ್ರಿ ಎಂದು ಬರುತ್ತದೆ. ಕರಗುವ ತಾಪದ ಇಳಿಕೆಯಿಂದ ಇವೆರಡರ ಪರಸ್ಪರ ಆಕರ್ಷಣೆಯನ್ನು ಅಳೆಯುವ ದಾರಿಯನ್ನು 1975ರಲ್ಲಿ ನಿಶಿ ಮತ್ತು ವಾಂಗ್ ಎಂಬ ಸಂಶೋಧಕರು ತೋರಿಸಿದರು. ಅದು ಸೊಗಸಾದ ಕೆಲಸವೇ, ಆದರೂ ಹರಳಿನ ವೇಗಕ್ಕೆ ಕಡಿವಾಣ ಹಾಕುವುದು ಬಹುಮಟ್ಟಿಗೆ ಕೆಳಗಿನ ಅಂಚು ಎಂಬುದು ನನ್ನ ಅಭಿಪ್ರಾಯ. ಹರಳು ಬೆಳೆದಷ್ಟೂ ಉಳಿದ ದ್ರವದಲ್ಲಿ ಪಿಎಂಎಂಎ ಪಾಲು ಹೆಚ್ಚಿ, ಆ ಅಂಚು ಇನ್ನೂ ಮೇಲೇರಿ, ಬೆಳವಣಿಗೆ ತನಗೆ ತಾನೇ ತಡೆಯಾಗುತ್ತದೆ.

ಹರಳಿನಿಂದ ಹೊರಗುಳಿದ, ಹರಳುಗಟ್ಟದ ಪಾಲಿಮರಿನ ಸರಪಳಿಗಳು ಎಲ್ಲಿಗೆ ಹೋಗುತ್ತವೆ? ಪಿವಿಸಿ ಪ್ಲಾಸ್ಟಿಕ್ ಬೆರೆತ, ಹರಳುಗಟ್ಟುವ ಪಾಲಿಯೆಸ್ಟರ್ ಆದ ಪಿಸಿಎಲ್‌ನ ತೆಳುಪೊರೆಯನ್ನು ಕರಗಿಸಿ ತಣಿಸುತ್ತ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಪ್ಪು ಹಿನ್ನೆಲೆಯಲ್ಲಿ ಸ್ಫೆರುಲೈಟ್ ಎಂಬ ದುಂಡನೆಯ ಹರಳುಗೊಂಚಲುಗಳು ಅರಳುತ್ತವೆ. ಪ್ರತಿಯೊಂದರ ಮೇಲೂ ಒಂದು ಕಪ್ಪು ಶಿಲುಬೆ, ಅದರ ಸುತ್ತ ಒಂದರೊಳಗೊಂದು ಉಂಗುರಗಳು. ಅಲ್ಲಿ ಪಿವಿಸಿ ಹೆಚ್ಚಾಗಿ ಹರಳಿನ ತೆಳುಹಾಳೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಹಾಗಾದಾಗ ಸ್ಫೆರುಲೈಟಿನ ತ್ರಿಜ್ಯ ಒಂದೇ ಗತಿಯಲ್ಲಿ ಬೆಳೆಯುತ್ತದೆ. ಹೊರಗುಳಿದದ್ದು ಮುಂದೆ ಮುಂದೆ ತಳ್ಳಲ್ಪಟ್ಟು ರಾಶಿಬಿದ್ದರೆ ಗತಿ ಕ್ರಮೇಣ ಕುಂದುತ್ತದೆ.

ಬೆರಕೆ ಎಂದರೆ ಯಾವಾಗಲೂ ನಿಧಾನ ಎಂದೂ ತಿಳಿಯಬಾರದು. ಸಸ್ಯಮೂಲದ ಪ್ಲಾಸ್ಟಿಕ್ ಆದ ಪಿಎಲ್‌ಎಗೆ ಅದನ್ನು ಮೆತುಗೊಳಿಸುವ ಪಿಇಜಿ ಸೇರಿಸಿದರೆ ಕೆಳಗಿನ ಅಂಚು ಇಳಿದು, ಸರಪಳಿಗಳು ಸಡಿಲಗೊಂಡು, ಹರಳು ಬೇಗನೆ ಬರುತ್ತದೆ.

ರಬ್ಬರಿನ ಕಥೆಯೂ ಬೇರೆಯಲ್ಲ. ಹಸಿ ನೈಸರ್ಗಿಕ ರಬ್ಬರ್ ಮೈನಸ್ 25 ಡಿಗ್ರಿಯ ಸುಮಾರಿಗೆ ಅತಿ ವೇಗವಾಗಿ ಹರಳುಗಟ್ಟಿ ಗಡುಸಾಗುತ್ತದೆ. ವಿನೈಲ್ ಅಂಶ (ಸರಪಳಿಯ ಬದಿಗೆ ಚಾಚಿದ ಕಿರುಗುಂಪುಗಳು) ಹೆಚ್ಚಿರುವ ಪಾಲಿಬ್ಯುಟಡೈಯೀನ್ ಎಂಬ ಕೃತಕ ರಬ್ಬರ್ ಇದರೊಡನೆ, ವಿಶೇಷ ಆಕರ್ಷಣೆಯೇನೂ ಇಲ್ಲದಿದ್ದರೂ, ಚೆನ್ನಾಗಿ ಬೆರೆತು ಹರಳಾಗುವುದನ್ನು ತಡೆಯುತ್ತದೆ. ಚಳಿಯಲ್ಲಿ ಗಡುಸಾಗಬಾರದೆನ್ನುವವರಿಗೆ ಇದು ಲಾಭ. ಆದರೆ ಎಳೆದಾಗ ಮೂಡಿ ಬಿರುಕಿನ ತುದಿಯನ್ನು ತಡೆದು ನಿಲ್ಲಿಸುವ ಹರಳುಗಳನ್ನು ನೆಚ್ಚಿಕೊಂಡವರಿಗೆ ಇದೇ ಬೆರಕೆ ನಷ್ಟ.