ಜೈಲಿಗೆ ಹೋದ ಅಕ್ಕಿ

ಭಾನುವಾರ, 9 ನವೆಂಬರ್ 2025

ಮಕ್ಕಳಿಗೆ ಅಂತ ಮಾಡಿದ ಅಡುಗೆ ಪುಸ್ತಕಗಳನ್ನು ನೋಡಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಸ್ಯಾಂಡ್‌ವಿಚ್, ಫ್ರೂಟ್ ಸಲಾಡ್, ಬಿಸ್ಕತ್ತಿನ ಮೇಲೆ ಜಾಮ್. ಒಲೆ ಹಚ್ಚೋದು ಬೇಡ, ಸರಿ. ಹಿಟ್ಟು ಮುಟ್ಟೋದೂ ಬೇಡವಾ? ತಣ್ಣಗಿರುವ ಕಾವಲಿ ಮೇಲೆ ಅಕ್ಕಿ ರೊಟ್ಟಿ ತಟ್ಟೋಕೆ ಪುಟ್ಟ ಕೈಗಳೂ ಸಾಕು. ರೊಟ್ಟಿಯ ನಡುವೆ ಬೆರಳಲ್ಲಿ ತೂತು ಮಾಡುವ ಕೆಲಸವನ್ನಂತೂ ಮಕ್ಕಳಿಗೇ ಬಿಡಬೇಕು. ಎಣ್ಣೆ ಅಲ್ಲಿಂದ ಯಾಕೆ ಇಳಿಸುತ್ತೇವೆ ಅಂತ ಅವರೇ ಕೇಳುತ್ತಾರೆ. ದೊಡ್ಡವರ ಪುಸ್ತಕಗಳಲ್ಲೂ ಆ 'ಯಾಕೆ'ಗೆ ಜಾಗವಿಲ್ಲ. ಬೇಕಾಗುವ ಸಾಮಗ್ರಿ, ಮಾಡುವ ವಿಧಾನ, ಮುಗೀತು.

ಹಳಬರು ಇಷ್ಟು ಜಿಪುಣರಾಗಿರಲಿಲ್ಲ. 16ನೇ ಶತಮಾನದ ಮೂರನೆಯ ಮಂಗರಸ ತನ್ನ ಅಡುಗೆ ಪುಸ್ತಕ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ, ಅಂದರೆ ಆರು ಸಾಲಿನ ಪದ್ಯಗಳಲ್ಲಿ ಬರೆದ. ಬದನೆಕಾಯಿ ಅಡುಗೆಗಳನ್ನಂತೂ ಸಾಲುಸಾಲಾಗಿ ಹೇಳಿದ್ದಾನೆ. (ಬದನೆ ಮುಟ್ಟದ ಜೈನರು ಎಷ್ಟೋ ಮಂದಿ. ಈ ಜೈನ ಕವಿಗೆ ಅದರ ಮೇಲೆ ಪ್ರೀತಿ ಜಾಸ್ತಿ!) ಅದಕ್ಕೂ ಹಿಂದೆ, 1025ರ ಸುಮಾರಿನಲ್ಲಿ, ಎರಡನೆಯ ಚಾವುಂಡರಾಯ ದಿನಬಳಕೆಯ ತಿಳಿವಳಿಕೆಯನ್ನೆಲ್ಲ ಕೂಡಿಸಿದ 'ಲೋಕೋಪಕಾರ' ಬರೆದ. ಅದರಲ್ಲಿ ಇಡ್ಲಿಯೂ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಬೇಕು, ಮೊಸರಿನ ತಿಳಿ ಸೇರಿಸಬೇಕು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕಬೇಕು.

ಇದನ್ನು ಅಕ್ಕನ ಮಗಳಿಗೆ ಹೇಳಿದೆ.

"ಅಕ್ಕಿ ಎಲ್ಲಿ ಚಿಕ್ಕಮ್ಮ?"

"ಇಲ್ಲ ಪುಟ್ಟಾ. ಹಸಿಮೆಣಸಿನಕಾಯೂ ಇಲ್ಲ, ಟೊಮೆಟೊನೂ ಇಲ್ಲ. ಅವೆರಡೂ ಅಮೆರಿಕದ ಕಡೆಯಿಂದ ಆಮೇಲೆ ಬಂದವು."

"ಟೊಮೆಟೊ ಇಲ್ದೆ ಸಾರು ಹೆಂಗ್ ಮಾಡ್ತಿದ್ರು?"

ಹುಣಸೆಹಣ್ಣಿನ ಡಬ್ಬಿ ಅವಳ ಮೂಗಿಗೆ ಹಿಡಿದೆ. ಮುಖ ಹುಳಿ ಮಾಡಿಕೊಂಡು ಓಡಿದಳು.

ಆದರೆ ಅವಳನ್ನು ನಿಜಕ್ಕೂ ಹಿಡಿದು ಕೂರಿಸಿದ್ದು ಕನಕದಾಸರ 'ರಾಮಧಾನ್ಯ ಚರಿತೆ'. ಅದು ಅಡುಗೆ ಪುಸ್ತಕವೇ ಅಲ್ಲ, ಧಾನ್ಯಗಳ ಜಗಳ. ರಾಮನ ಎದುರು ಭತ್ತ ತಾನೇ ಮೇಲು ಅನ್ನುತ್ತದೆ, ರಾಗಿಯನ್ನು ಕೀಳು ಅಂತ ಹೀಯಾಳಿಸುತ್ತದೆ. ರಾಗಿಯೇನು ಸುಮ್ನೆ ಇರುತ್ತಾ? ಬರ ಬಂದಾಗ ನೀನೆಲ್ಲಿದ್ದೆ, ನೀನು ಹೆಣದ ಬಾಯಿಗೆ ಹಾಕುವ ಅಕ್ಕಿ ಅಂತ ತಿರುಗಿ ಬೀಳುತ್ತದೆ. ಈ ಮಾತಿಗೆ ನಮ್ಮ ಹುಡುಗಿ ಬಿದ್ದು ಬಿದ್ದು ನಕ್ಕಳು. ಇನ್ನೊಂದು ಸಲ ಓದು ಅಂತ ಹಟ ಬೇರೆ.

ರಾಮ ತೀರ್ಪನ್ನು ತಕ್ಷಣ ಕೊಡೋದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಕವಿಯ ಕಲ್ಪನೆ ಅಂತ ತಳ್ಳಿಹಾಕಬೇಡಿ. ರಾಗಿಗೆ ಹುಳ ಬೀಳೋದು ತುಂಬಾ ಕಡಿಮೆ. ಹಳೇ ಮೈಸೂರು ಕಡೆ ಹಗೇವಿಗೆ (ಧಾನ್ಯ ಇಡುವ ನೆಲದೊಳಗಿನ ಗುಂಡಿಗೆ) ಸುರಿದು ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ಬರಗಾಲಕ್ಕೆ ಅದೇ ಆಸರೆ. ಬಡವರ ಧಾನ್ಯವನ್ನು ಗೆಲ್ಲಿಸಿದ ಕನಕದಾಸರಿಗೆ ಉಗ್ರಾಣದ ಲೆಕ್ಕವೂ ಗೊತ್ತಿತ್ತು ಅನ್ನಿಸುತ್ತದೆ. ಇಂಥದ್ದೇ ಅಲ್ವಾ ಮಕ್ಕಳ ಊಟದ ಪುಸ್ತಕದಲ್ಲಿ ಇರಬೇಕಾದ್ದು? ಜಾತಿ, ಮೇಲು-ಕೀಳಿನ ಮಾತನ್ನೂ ಇದರ ಜೊತೆಗೇ ಆಡಬಹುದು.

ಕತೆ ಮುಗಿದ ಮೇಲೆ ಅವಳು ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ರಾಗಿ, ಒಂದು ಚಿಟಿಕೆ ಅಕ್ಕಿ ತಂದು ಅಂಗೈಯಲ್ಲಿ ಹರಡಿಕೊಂಡಳು. ರಾಗಿ ಕಾಳು ಬೆರಳ ಸಂದಿಯಿಂದ ಜಾರಿ ನೆಲದ ತುಂಬಾ ಉರುಳಿತು. "ಇದನ್ನ ಜೈಲಿಗೆ ಹಾಕೋದೇ ಕಷ್ಟ" ಅಂದಳು. ಗುಡಿಸಿದ್ದು ನಾನು.

ಶುಕ್ರವಾರ ಮಕ್ಕಳ ದಿನಾಚರಣೆ. ಅಷ್ಟರೊಳಗೆ ದೊಡ್ಡ ಅಕ್ಷರದಲ್ಲಿ, ಸರಳ ಗದ್ಯದಲ್ಲಿ ಈ ಕತೆ ಎಲ್ಲಾದರೂ ಸಿಗುತ್ತಾ ನೋಡಬೇಕು. ಸಿಗದಿದ್ದರೆ ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಡುತ್ತೇನೆ. ಪಕ್ಕದ ಪುಟಕ್ಕೆ ರಾಗಿ ರೊಟ್ಟಿ ಮಾಡುವ ವಿಧಾನ, ಚಿತ್ರ ಅವಳದ್ದೇ.